ಏನ್ ತಿಂದಿ?

ಕಳೆದ ಸೋಮವಾರ ಸಂಜೆ ನಾಲ್ಕರ ಹೊತ್ತಿಗೆ ನಮ್ಮ ಜೀನ್ಸ್ ಯೂನಿಟ್ಟಿನಲ್ಲಿ ಓವರ್‌ಲಾಕ್ ಮಷೀನಿನ ಹುಡುಗ ಹೊಲಿಗೆ ನಿಲ್ಲಿಸಿ ಎದ್ದ. ಕಟ್ಟಿಟ್ಟ ಪ್ಯಾಂಟಿನ ಬಂಡಲ್ಲಿಗೆ ಒರಗಿ, ಮೊಣಕಾಲನ್ನು ಎದೆಗೆ ಎಳೆದುಕೊಂಡು ಕೂತ. ಮುಖದ ತುಂಬ ಬೆವರು. ಬಳ್ಳಾರಿಯ ಬೇಸಿಗೆಯಲ್ಲಿ ಬೆವರನ್ನು ಯಾರು ಲೆಕ್ಕಕ್ಕೆ ತಗೊಳ್ತಾರೆ? ಕಟಿಂಗ್ ಮಾಸ್ತರು ದೂರದಿಂದಲೇ ಕೇಳಿದರು, "ಏನ್ ತಿಂದಿಲೇ?" ಬಟನ್ ಹಾಕುವ ಅಕ್ಕ ಕೇಳಿದಳು, "ಏನ್ ತಿಂದಿಯೋ?" ಲೆಕ್ಕದ ಪುಸ್ತಕದಿಂದ ತಲೆ ಎತ್ತಿ ನಾನೂ ಅದನ್ನೇ ಕೇಳಿದೆ. ಅವನು ತಪ್ಪು ಒಪ್ಪಿಕೊಳ್ಳುವವನ ಹಾಗೆ ತಲೆ ತಗ್ಗಿಸಿ, "ಬೆಳಿಗ್ಗೆ ಒಗ್ಗರಣಿ ಮಿರ್ಚಿ ತಿಂದಿದ್ದೆ ಅಕ್ಕ, ನಾಕು ಮಿರ್ಚಿ" ಅಂದ. ಅಷ್ಟು ಸಾಕಾಯಿತು. ಯಾರೋ ಸೋಡಾ ತಂದರು. ಯಾರೋ ಅಜವಾನ ಕೊಟ್ಟರು. ಇನ್ಯಾರೋ ಮಿರ್ಚಿ ಬಿಡು ಅಂತ ಬುದ್ಧಿ ಹೇಳಿದರು. ಅರ್ಧ ತಾಸಿಗೆ ಎಲ್ಲರ ಮಷೀನೂ ಮತ್ತೆ ಓಡತೊಡಗಿತು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆ ಪ್ರಶ್ನೆ ನನ್ನ ಬಾಯಲ್ಲಿ ಬರಬಾರದಿತ್ತು. ನಮ್ಮ ಮನೆಯಲ್ಲಿ ಅದೇ ಪ್ರಶ್ನೆ ಎರಡು ವರ್ಷ ಅವ್ವನನ್ನು ತಿಂದಿತ್ತು.

ಹೊಟ್ಟೆ ನೋವು ಅಂದ ಕೂಡಲೇ ನಾವು ಕೇಳೋದು ಇದೊಂದನ್ನೇ ಅಲ್ವಾ? ಜ್ವರ ಬಂದವರನ್ನು ಯಾವಾಗಿಂದ ಬಂತು ಅಂತ ಕೇಳುತ್ತೇವೆ. ಕಾಲು ನೋವು ಅಂದರೆ ಎಲ್ಲಿ ನೋಯುತ್ತೆ ಅಂತ ಕೇಳುತ್ತೇವೆ. ಹೊಟ್ಟೆ ನೋವಿಗೆ ಮಾತ್ರ ಯಾವಾಗ, ಎಲ್ಲಿ, ಎಷ್ಟು ಹೊತ್ತು ಅನ್ನೋ ಮಾತೇ ಇಲ್ಲ. ನೇರ ತಟ್ಟೆಗೇ ಕೈ ಹಾಕುತ್ತೇವೆ. ನೋವಿದ್ದವರು ಉತ್ತರ ಕೊಡಬೇಕಾದ ಜಾಗದಲ್ಲಿ ನಿಲ್ಲುತ್ತಾರೆ. ಏನೋ ಒಂದು ತಿಂದೇ ಇರುತ್ತಾರಲ್ಲ, ಅದನ್ನು ಹೇಳುತ್ತಾರೆ. ಅದಕ್ಕೆ ನಾವು ‘ಗ್ಯಾಸ್’ ಅಂತ ಹೆಸರಿಟ್ಟು ಮುಗಿಸುತ್ತೇವೆ.

ಗಂಗಾವತಿಯ ಮದುವೆ

ಅವ್ವನ ನೋವನ್ನು ನಾನು ಕಣ್ಣಾರೆ ಮೊದಲು ನೋಡಿದ್ದು ಗಂಗಾವತಿಯಲ್ಲಿ, ಸೋದರಮಾವನ ಮಗಳ ಮದುವೆಯಲ್ಲಿ. ರಾತ್ರಿ ಊಟಕ್ಕೆ ಗೋಧಿ ಹುಗ್ಗಿ, ಅದರ ಮೇಲೆ ಸೌಟು ತುಂಬ ತುಪ್ಪ, ಎಣ್ಣೆಗಾಯಿ, ಹಪ್ಪಳ, ಮಿರ್ಚಿ ಎಲ್ಲ ಇತ್ತು. ಬಡಿಸುವವರು ಅವ್ವನ ತವರಿನವರು, ಬೇಡ ಅಂದರೂ ಬಿಡೋರಲ್ಲ. ಅವ್ವ ಎಂಟೂವರೆಗೆ ಉಂಡಳು. ಹತ್ತು ಗಂಟೆ ಹೊತ್ತಿಗೆ ಮಂಟಪದಲ್ಲಿ ಎಲ್ಲೂ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಹಿಂದಿನ ಮೆಟ್ಟಿಲ ಮೇಲೆ, ಪಾತ್ರೆ ತೊಳೆಯುವ ಜಾಗದ ಹತ್ತಿರ, ಕತ್ತಲಲ್ಲಿ ಒಬ್ಬಳೇ ಕೂತಿದ್ದಳು. ಬಲಗೈಯನ್ನು ಪಕ್ಕೆಲುಬಿನ ಕೆಳಗೆ ಒತ್ತಿ ಹಿಡಿದಿದ್ದಳು. ರೇಷ್ಮೆ ಸೀರೆಯ ಸೆರಗನ್ನು ಬಾಯಲ್ಲಿ ಕಚ್ಚಿದ್ದಳು, ದನಿ ಹೊರಗೆ ಬರಬಾರದು ಅಂತ.

"ಏನಾತವ್ವ?" ಅಂದೆ.

"ಏನಿಲ್ಲ ಯವ್ವಾ, ಗ್ಯಾಸು. ತುಪ್ಪ ಜಾಸ್ತಿ ಆತು. ನೀ ಹೋಗು ಒಳಗ, ಮಂದಿ ನೋಡ್ತಾರ."

ನಾನು ಒಳಗೆ ಹೋಗಿ ಸೋಡಾ ತಂದೆ. ಕುಡಿದಳು, ಎರಡು ಸಲ ತೇಗಿದಳು. ನೋವು ಹಾಗೇ ಇತ್ತು. ಬೆನ್ನು ತಿಕ್ಕು ಅಂದಳು. ಎಲ್ಲಿ ಅಂದರೆ ಬಲ ಹೆಗಲ ಕೆಳಗೆ ತೋರಿಸಿದಳು. ಹೊಟ್ಟೆಯ ಗ್ಯಾಸಿಗೆ ಹೆಗಲು ಯಾಕೆ ನೋಯಬೇಕು ಅಂತ ನನಗೆ ಆಗ ಹೊಳೆಯಲೇ ಇಲ್ಲ. ತಿಕ್ಕುತ್ತಾ ಕೂತೆ. ಹನ್ನೆರಡೂವರೆ ದಾಟಿದ ಮೇಲೆ, ಯಾರೋ ಸ್ವಿಚ್ ಆರಿಸಿದ ಹಾಗೆ ನೋವು ಇಳಿಯಿತು. ಅವ್ವ ಎದ್ದು ಮುಖ ತೊಳೆದು, ಸೀರೆ ಸರಿ ಮಾಡಿಕೊಂಡು, ಬೆಳಗಿನ ಅಕ್ಕಿಕಾಳಿಗೆ ಅರಿಶಿನ ಹಚ್ಚಲು ಹೋದಳು.

ಅಲ್ಲಿಂದ ಎರಡು ವರ್ಷ ಅದೇ ಕತೆ. ತಿಂಗಳಿಗೊಮ್ಮೆ, ಕೆಲವು ಸಲ ವಾರಕ್ಕೊಮ್ಮೆ. ನಾವು ಮಾಡದ ಔಷಧಿ ಇಲ್ಲ. ಜೀರಿಗೆ ನೀರು, ಅಜವಾನ, ಹಿಂಗು ಹಾಕಿದ ಮಜ್ಜಿಗೆ, ಗುಲಾಬಿ ಬಣ್ಣದ ಔಷಧಿಯ ಬಾಟಲಿ. ಹೊಕ್ಕಳು ಸರಿದಿದೆ ಅಂತ ಒಬ್ಬಾಕೆ ಬಂದು ಎಣ್ಣೆ ಹಚ್ಚಿ ತಿಕ್ಕಿ ಹೋದಳು. ಎರಡು ಕಡೆ ಡಾಕ್ಟರಿಗೆ ತೋರಿಸಿದೆವು. ಅವರೂ ಸರದಿಯಲ್ಲಿ ನಿಂತ ಜನರ ನಡುವೆ ಎರಡು ನಿಮಿಷ ನೋಡಿ, ಗ್ಯಾಸ್ಟ್ರಿಕ್ ಅಂತ ಮಾತ್ರೆ ಬರೆದುಕೊಟ್ಟರು.

ನನ್ನನ್ನು ಇವತ್ತಿಗೂ ಚುಚ್ಚುವುದು ಇದಲ್ಲ. ಪ್ರತಿ ಸಲ ನೋವು ಬಂದಾಗ ಮನೆಯಲ್ಲಿ ಯಾರಾದರೂ ಒಬ್ಬರು "ಏನ್ ತಿಂದಿ?" ಅಂತ ಕೇಳುತ್ತಿದ್ದೆವು. ಅವ್ವ ಯೋಚಿಸಿ ಒಂದು ಹೆಸರು ಹೇಳುತ್ತಿದ್ದಳು. ಮಾರನೇ ದಿನದಿಂದ ಅದು ಅವಳ ತಟ್ಟೆಯಿಂದ ಹೋಗುತ್ತಿತ್ತು. ಮೊದಲು ಮಿರ್ಚಿ ಹೋಯಿತು. ಆಮೇಲೆ ಶೇಂಗಾ ಹಿಂಡಿ. ಆಮೇಲೆ ಬದನೆಕಾಯಿ, ಬೇಳೆ, ಹುಳಿ, ರೊಟ್ಟಿ. ಕೊನೆಗೆ ಮಜ್ಜಿಗೆ ಅನ್ನ ಮಾತ್ರ ಉಳಿಯಿತು, ಅದೂ ಮಧ್ಯಾಹ್ನ ಒಂದೇ ಹೊತ್ತು. ರಾತ್ರಿ ಊಟ ಬಿಟ್ಟೇ ಬಿಟ್ಟಳು. ಬಂಧು ಬಳಗದ ಮನೆಗೆ ಹೋಗೋದು ನಿಲ್ಲಿಸಿದಳು. ಹೋದರೆ ಉಣ್ಣು ಅಂತಾರೆ, ಉಂಡರೆ ನೋವು, ನೋವು ಅಂದರೆ ಏನ್ ತಿಂದಿ ಅಂತ ಕೇಳ್ತಾರೆ. ಬಳೆಗಳು ಮೊಣಕೈವರೆಗೆ ಜಾರುವಷ್ಟು ಕೈ ಸಣ್ಣಗಾದವು.

‘ನಾ ಜಾಸ್ತಿ ತಿಂದಿಲ್ರೀ’

ಕೊನೆಗೆ ಪಕ್ಕದ ಮನೆಯವರು ಹೇಳಿದರು ಅಂತ ಒಬ್ಬ ವಯಸ್ಸಾದ ಡಾಕ್ಟರ ಹತ್ತಿರ ಹೋದೆವು. ಸಣ್ಣ ಕ್ಲಿನಿಕ್ಕು, ಮರದ ಬೆಂಚು, ಮೇಲೆ ಗಿರಗಿರ ಸದ್ದು ಮಾಡುವ ಫ್ಯಾನು. ಅವ್ವ ಕುರ್ಚಿಯಲ್ಲಿ ಕೂತ ಕೂಡಲೇ, ಅವರು ಬಾಯಿ ತೆರೆಯುವ ಮೊದಲೇ ಹೇಳಿದಳು, "ನಾ ಜಾಸ್ತಿ ತಿಂದಿಲ್ರೀ ಡಾಕ್ಟ್ರೇ."

ಅವರು ಪೆನ್ನು ಕೆಳಗಿಟ್ಟರು. "ನಾನು ಅದನ್ನ ಕೇಳೋದೇ ಇಲ್ಲಮ್ಮ. ನೋವು ಎಲ್ಲಿ ಬರ್ತದೆ, ಒಂದು ಬೆರಳಲ್ಲಿ ತೋರ್ಸ್ರಿ."

ಅವ್ವ ಒಂದು ಬೆರಳಲ್ಲಿ ತೋರಿಸಲಿಲ್ಲ. ಬಲ ಪಕ್ಕೆಯ ಕೆಳಗೆ ಇಡೀ ಅಂಗೈ ಇಟ್ಟಳು. ಮೆಟ್ಟಿಲ ಮೇಲೆ ಇಟ್ಟುಕೊಂಡಿದ್ದ ಹಾಗೆಯೇ.

"ಉಂಡ ಎಷ್ಟು ಹೊತ್ತಿಗೆ ಬರ್ತದೆ?"

"ಒಂದು ತಾಸು, ಒಂದೂವರೆ ತಾಸು."

"ಬಂದ್ರೆ ಎಷ್ಟು ಹೊತ್ತು ಇರ್ತದೆ? ಬಂದು ಬಂದು ಹೋಗ್ತದಾ, ಹಿಡ್ಕೊಂಡೇ ಇರ್ತದಾ?"

"ಹಿಡ್ಕೊಂಡೇ ಇರ್ತೈತ್ರಿ. ಎರಡು ತಾಸು, ಮೂರು ತಾಸು."

"ತೇಗಿದ್ರೆ, ಗ್ಯಾಸ್ ಹೋದ್ರೆ ಹಗುರ ಆಗ್ತದಾ?"

"ಇಲ್ರೀ."

"ಬೆನ್ನಿಗೆ, ಹೆಗಲಿಗೆ ಹೋಗ್ತದಾ?"

ಅವ್ವ ನನ್ನ ಮುಖ ನೋಡಿದಳು. ನಾನು ಹೌದು ಅಂದೆ. ಇಷ್ಟು ಮಾತಿಗೆ ಐದು ನಿಮಿಷವೂ ಆಗಿರಲಿಲ್ಲ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸ್ಕ್ಯಾನಿಂಗ್ ಮಾಡಿಸಿಕೊಂಡು ಬನ್ನಿ, ಪಿತ್ತಕೋಶದಲ್ಲಿ ಕಲ್ಲು ಇರಬಹುದು ಅಂದರು.

ಖಾಲಿ ಹೊಟ್ಟೆ ಯಾಕೆ ಅಂತ ಆಗ ಗೊತ್ತಾಯಿತು. ಪಿತ್ತಕೋಶ ಅಂದರೆ ಲಿವರ್ ಕೆಳಗೆ ಅಂಟಿಕೊಂಡ ಸಣ್ಣ ಚೀಲ. ಲಿವರ್ ಮಾಡಿದ ಪಿತ್ತರಸ ಅದರಲ್ಲಿ ಕೂಡಿರುತ್ತದೆ. ನಾವು ಎಣ್ಣೆ, ತುಪ್ಪ ಉಂಡಾಗ ಸಣ್ಣ ಕರುಳಿನಿಂದ ಒಂದು ಹಾರ್ಮೋನು ಹೊರಟು ಈ ಚೀಲಕ್ಕೆ ಹಿಂಡು ಅಂತ ಹೇಳುತ್ತದೆ. ಚೀಲ ಹಿಂಡಿಕೊಂಡು ಪಿತ್ತರಸವನ್ನು ಕರುಳಿಗೆ ಕಳಿಸುತ್ತದೆ, ಜಿಡ್ಡು ಜೀರ್ಣವಾಗುತ್ತದೆ. ಉಪವಾಸ ಇದ್ದರೆ ಚೀಲ ತುಂಬಿಕೊಂಡು ಅಗಲವಾಗಿರುತ್ತದೆ, ಒಳಗೆ ಏನಿದ್ದರೂ ಸ್ಕ್ಯಾನಿನಲ್ಲಿ ಚೆನ್ನಾಗಿ ಕಾಣುತ್ತದೆ. ಅವ್ವನ ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ ನೋಡುತ್ತಿದ್ದ ಡಾಕ್ಟರಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕಪ್ಪು ಚೀಲದ ತಳದಲ್ಲಿ ಬಿಳಿ ಕಾಳುಗಳು. ಪ್ರತಿ ಕಾಳಿನ ಹಿಂದೆ ಉದ್ದ ಕಪ್ಪು ಗೆರೆ. ಕಲ್ಲು ಶಬ್ದದ ಅಲೆಯನ್ನು ತಡೆಯುತ್ತದೆ, ಅದರ ಹಿಂದೆ ನೆರಳು ಬೀಳುತ್ತದೆ ಅಂದರು. ಎರಡು ವರ್ಷ ನಾವು ಗ್ಯಾಸ್ ಅಂತ ಕರೆದದ್ದಕ್ಕೆ ನೆರಳು ಇತ್ತು.

ಚೀಲ ಹಿಂಡಿಕೊಂಡಾಗ ಕಲ್ಲೊಂದು ಬಂದು ಅದರ ಕುತ್ತಿಗೆಗೆ ಸಿಕ್ಕಿಕೊಳ್ಳುತ್ತದೆ. ದಾರಿ ಮುಚ್ಚುತ್ತದೆ. ಚೀಲ ಹಿಂಡುತ್ತಲೇ ಇರುತ್ತದೆ, ನೋವು ಏರುತ್ತದೆ. ಕಲ್ಲು ಜಾರಿ ಹಿಂದಕ್ಕೆ ಬಿದ್ದರೆ ನೋವು ನಿಲ್ಲುತ್ತದೆ. ಗಂಗಾವತಿಯಲ್ಲಿ ಹನ್ನೆರಡೂವರೆಗೆ ಆದದ್ದು ಇದೇ. ನಾನು ಬೆನ್ನು ತಿಕ್ಕಿದ್ದಕ್ಕೂ, ಸೋಡಾಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಅವ್ವ ಕೇಳಿದ ಮೊದಲ ಪ್ರಶ್ನೆ, "ತುಪ್ಪದಿಂದ ಕಲ್ಲಾತೇನ್ರಿ?" ಡಾಕ್ಟರು ಇಲ್ಲ ಅಂದರು. ತುಪ್ಪ ನೋವನ್ನು ಎಬ್ಬಿಸುತ್ತದೆ ನಿಜ. ಆದರೆ ಕಲ್ಲು ಕಟ್ಟುವುದಕ್ಕೆ ಕಾರಣ ಹಲವು. ಹೆಂಗಸರಿಗೆ ಗಂಡಸರಿಗಿಂತ ಜಾಸ್ತಿ, ಬಸಿರು ಬಾಣಂತನ ಆದವರಿಗೆ ಜಾಸ್ತಿ, ವಯಸ್ಸಾದ ಹಾಗೆ ಜಾಸ್ತಿ, ಮೈ ತೂಕ ಇದ್ದವರಿಗೆ ಜಾಸ್ತಿ. ಇನ್ನೊಂದು ಮಾತು ಹೇಳಿದರು, ಅದನ್ನು ಕೇಳಿ ನನಗೆ ಅಳು ಬಂತು. ಊಟ ಬಿಟ್ಟು ಬಿಟ್ಟು ಬೇಗ ತೂಕ ಇಳಿಸಿಕೊಂಡರೂ ಕಲ್ಲು ಹೆಚ್ಚಾಗುತ್ತದಂತೆ. ಉಣ್ಣದಿದ್ದರೆ ಚೀಲ ಹಿಂಡಿಕೊಳ್ಳುವುದಿಲ್ಲ, ಪಿತ್ತರಸ ನಿಂತಲ್ಲೇ ನಿಂತು ಗಟ್ಟಿಯಾಗುತ್ತದೆ. ನಾವೆಲ್ಲ ಸೇರಿ ಅವಳಿಂದ ಬಿಡಿಸಿದ ಊಟ!

ಕಲ್ಲು ಇದ್ದವರಿಗೆಲ್ಲ ಆಪರೇಷನ್ ಬೇಕಿಲ್ಲ. ಎಷ್ಟೋ ಜನರಿಗೆ ಇರುತ್ತದೆ, ಜೀವನಪೂರ್ತಿ ತೊಂದರೆ ಕೊಡುವುದಿಲ್ಲ. ಆದರೆ ಹೀಗೆ ಮತ್ತೆ ಮತ್ತೆ ನೋವು ಬರುತ್ತಿದ್ದರೆ ಚೀಲವನ್ನೇ ತೆಗೆಯುತ್ತಾರೆ. ಕಲ್ಲು ಮಾತ್ರ ತೆಗೆದರೆ ಮತ್ತೆ ಕಟ್ಟುತ್ತದೆ. ಚೀಲ ಇಲ್ಲದಿದ್ದರೂ ಲಿವರ್ ಪಿತ್ತರಸ ಮಾಡುತ್ತಲೇ ಇರುತ್ತದೆ, ಅದು ನೇರ ಕರುಳಿಗೆ ಹೋಗುತ್ತದೆ. ಅವ್ವನಿಗೆ ಹೊಟ್ಟೆಯಲ್ಲಿ ನಾಲ್ಕು ಸಣ್ಣ ತೂತು ಮಾಡಿ ತೆಗೆದರು. ಎರಡನೇ ದಿನಕ್ಕೆ ನಡೆದಾಡಿದಳು. ಕಲ್ಲುಗಳನ್ನು ಒಂದು ಸಣ್ಣ ಬಾಟಲಿಯಲ್ಲಿ ಹಾಕಿ ಕೊಟ್ಟರು. ಜೋಳದ ಕಾಳಿನಷ್ಟು ಏಳು, ಕಡಲೆಯಷ್ಟು ಎರಡು. ಅವ್ವ ಬಹಳ ದಿನ ಆ ಬಾಟಲಿಯನ್ನು ದೇವರ ಗೂಡಿನ ಪಕ್ಕ ಇಟ್ಟುಕೊಂಡಿದ್ದಳು. ನೋಡಲು ಬಂದವರಿಗೆಲ್ಲ ತೋರಿಸುತ್ತಿದ್ದಳು. "ಇದು ಇತ್ತು ನೋಡ್ರಿ ಒಳಗ. ನಾ ತಿಂದಿದ್ದಲ್ಲ."

ನನ್ನ ಪರ್ಸಿನ ಮಾತ್ರೆ

ಇಷ್ಟೆಲ್ಲ ನೋಡಿದ ಮೇಲೂ ನನ್ನ ಹೊಟ್ಟೆ ನೋವು ಶುರುವಾದಾಗ ನಾನು ಮಾಡಿದ್ದು ಅದೇ ತಪ್ಪು. ಅವ್ವನ ಆಪರೇಷನ್ ಆಗಿ ಎರಡು ವರ್ಷಕ್ಕೆ ಉಂಡ ಅರ್ಧ ತಾಸಿನೊಳಗೆ ಹೊಟ್ಟೆಯ ನಡು ಮೇಲ್ಭಾಗದಲ್ಲಿ ಉರಿಯುವ, ಕಡಿಯುವ ನೋವು ಬರತೊಡಗಿತು. ಮಾರ್ಚ್ ತಿಂಗಳು, ಲೆಕ್ಕ ಮುಗಿಸುವ ಹೊತ್ತು. ಟೆನ್ಷನ್ ಅಂದುಕೊಂಡೆ, ಖಾರ ಅಂದುಕೊಂಡೆ, ಹೋಟೆಲ್ ಚಹಾ ಅಂದುಕೊಂಡೆ. ದಿನಾ ಕೂತು ಕೂತು ಸೊಂಟ ಹಿಡಿಯುತ್ತಿತ್ತು, ಅದಕ್ಕೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ದಿನಕ್ಕೊಂದು, ಕೆಲಸ ಜಾಸ್ತಿ ಇದ್ದರೆ ಎರಡು. ನಮ್ಮ ಯೂನಿಟ್ಟಿನಲ್ಲಿ ಇದು ಯಾರಿಗೂ ಹೊಸದಲ್ಲ. ಎಂಟು ಹತ್ತು ತಾಸು ಬಗ್ಗಿ ಹೊಲಿಯುವವರ ಜೇಬು ನೋಡಿ, ಅರ್ಧ ಹರಿದ ಮಾತ್ರೆಯ ಪಟ್ಟಿ ಇರುತ್ತದೆ.

ಹೊಟ್ಟೆ ಒಳಗೆ ಅಷ್ಟು ಜೋರು ಆಸಿಡ್ ಇದ್ದರೂ ಹೊಟ್ಟೆ ತನ್ನನ್ನು ತಾನು ಸುಟ್ಟುಕೊಳ್ಳುವುದಿಲ್ಲ. ಒಳಗೋಡೆಗೆ ಲೋಳೆಯ ಒಂದು ಪದರ ಇದೆ. ಆ ಪದರವನ್ನು ಕಾಯಲು ದೇಹ ಪ್ರೋಸ್ಟಗ್ಲಾಂಡಿನ್ ಅನ್ನೋ ವಸ್ತುವನ್ನು ಮಾಡುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಥರದ ಮಾತ್ರೆಗಳು ನೋವನ್ನು ನಿಲ್ಲಿಸುವುದು ಇದೇ ವಸ್ತುವನ್ನು ತಡೆದು. ಸೊಂಟದಲ್ಲಿ ತಡೆದರೆ ನೋವು ಹೋಗುತ್ತದೆ. ಹೊಟ್ಟೆಯಲ್ಲೂ ತಡೆಯುವುದರಿಂದ ಕಾವಲು ಹೋಗುತ್ತದೆ. ಉಂಡು ತಗೊಂಡರೆ ಏನೂ ಆಗಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಇಂಜೆಕ್ಷನ್ ತಗೊಂಡರೂ ಅದು ರಕ್ತದಲ್ಲಿ ಸೇರಿ ಅದೇ ಕೆಲಸ ಮಾಡುತ್ತದೆ. ಸಾಮಾನ್ಯ ಮೈಕೈ ನೋವಿಗೆ ಪ್ಯಾರಸಿಟಮಾಲ್ ಹೊಟ್ಟೆಗೆ ಇದಕ್ಕಿಂತ ಎಷ್ಟೋ ವಾಸಿ, ಹೇಳಿದ ಅಳತೆ ಮೀರದಿದ್ದರೆ.

ಎಂಡೋಸ್ಕೋಪಿ ಮಾಡಿದರು. ಗಂಟಲಿಗೆ ಮರಗಟ್ಟಿಸುವ ಔಷಧಿ ಹೊಡೆದು ಕೊಳವೆ ಇಳಿಸಿದರು. ಹೆದರಿದಷ್ಟು ಏನಿಲ್ಲ, ಐದು ಹತ್ತು ನಿಮಿಷದ ಕೆಲಸ. ಹೊಟ್ಟೆಯಲ್ಲಿ ಹುಣ್ಣು ಇತ್ತು. ಅಲ್ಲಿಂದ ಚೂರು ತೆಗೆದು ಪರೀಕ್ಷೆ ಮಾಡಿದಾಗ ಎಚ್. ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಕೂಡ ಸಿಕ್ಕಿತು. ಮಾತ್ರೆ ಒಂದು ಕಡೆ, ಈ ಬ್ಯಾಕ್ಟೀರಿಯಾ ಇನ್ನೊಂದು ಕಡೆ. ಹೊಟ್ಟೆ ಹುಣ್ಣಿಗೆ ಜಗತ್ತಿನಲ್ಲಿ ಅತಿ ದೊಡ್ಡ ಕಾರಣಗಳು ಇವೆರಡೇ.

ಬ್ಯಾಕ್ಟೀರಿಯಾದಿಂದ ಅಲ್ಸರ್ ಬರುತ್ತೆ ಅಂದರೆ 1980ರ ದಶಕದಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳೇ ನಂಬಲಿಲ್ಲ. ಅವರೂ ಹೇಳುತ್ತಿದ್ದದ್ದು ಖಾರ, ಚಿಂತೆ, ಆಸಿಡ್ ಅಂತಲೇ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಅನ್ನೋ ಇಬ್ಬರು ಇದನ್ನು ಕಂಡುಹಿಡಿದರು. ಯಾರೂ ಒಪ್ಪದಿದ್ದಾಗ 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾನೇ ಕುಡಿದುಬಿಟ್ಟರು. ಕೆಲವೇ ದಿನಕ್ಕೆ ವಾಂತಿ ಶುರುವಾಯಿತು, ಎಂಡೋಸ್ಕೋಪಿಯಲ್ಲಿ ಹೊಟ್ಟೆಯ ಒಳಗೋಡೆ ಊದಿಕೊಂಡದ್ದು ಕಂಡಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇದನ್ನು ಓದಿದಾಗ ನನಗೆ ಅವ್ವ ನೆನಪಾದಳು. ನೋವಿದ್ದವರನ್ನೇ ದೂರುವ ಅಭ್ಯಾಸ ಎಲ್ಲ ಕಡೆ ಇತ್ತು.

ನನಗೆ 14 ದಿನ ಎರಡು ಆಂಟಿಬಯೋಟಿಕ್ ಮತ್ತು ಆಸಿಡ್ ಕಡಿಮೆ ಮಾಡುವ ಮಾತ್ರೆ ಕೊಟ್ಟರು. ಬಾಯಿ ತುಂಬ ಕಬ್ಬಿಣ ನೆಕ್ಕಿದ ರುಚಿ. ನಾಲ್ಕು ದಿನಕ್ಕೆ ನೋವು ಹೋಯಿತು, ಬಿಡೋಣ ಅನಿಸಿತು. ಅರ್ಧಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಸಾಯಲ್ಲ, ಮುಂದಿನ ಸಲ ಈ ಔಷಧಿಗೆ ಬಗ್ಗಲ್ಲ ಅಂತ ಡಾಕ್ಟರು ಮೊದಲೇ ಎಚ್ಚರಿಸಿದ್ದರು, ಹಾಗಾಗಿ ಮುಗಿಸಿದೆ. ಇನ್ನೊಂದು ವಿಷಯ ನಾನು ಅಲ್ಲಿಯೇ ಕಲಿತದ್ದು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಅಂತ ನಾವು ಗ್ಯಾಸ್ ಮಾತ್ರೆ ಅನ್ನುತ್ತೇವಲ್ಲ, ಅದನ್ನು ಊಟಕ್ಕೆ ಅರ್ಧ ತಾಸಿನಿಂದ ಒಂದು ತಾಸು ಮೊದಲು ನುಂಗಬೇಕು. ಊಟ ಬಂದಾಗ ಹೊಟ್ಟೆಯ ಆಸಿಡ್ ಪಂಪುಗಳು ಶುರುವಾಗುತ್ತವೆ, ಆ ಹೊತ್ತಿಗೆ ಮಾತ್ರೆ ರಕ್ತದಲ್ಲಿ ಇರಬೇಕು. ನಾನು ಅಲ್ಲಿಯವರೆಗೆ ಉಂಡು, ನೋವು ಬಂದ ಮೇಲೆ ನುಂಗುತ್ತಿದ್ದೆ. ನೋವು ಬಂದ ಮೇಲೆ ತಕ್ಷಣ ಹಿತ ಕೊಡುವುದು ಬೇರೆ, ಕುಡಿಯುವ ಆಂಟಾಸಿಡ್. ಎರಡೂ ಒಂದೇ ಅಲ್ಲ.

ಮಿರ್ಚಿಯ ಪಾಲು

ಹಾಗಾದರೆ ಖಾರದ ತಪ್ಪೇನೂ ಇಲ್ಲವಾ? ನಾವು ಖಾರದ ಸೀಮೆಯವರು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಯಾವ ಊರಿಗೆ ಹೋಗಿ, ಬೆಳಿಗ್ಗೆ ಏಳಕ್ಕೆ ಬಾಣಲೆ ಕಾದಿರುತ್ತದೆ. ನೆನೆಸಿ ಹಿಂಡಿದ ಮಂಡಕ್ಕಿಗೆ ಒಗ್ಗರಣೆ, ಮೇಲೆ ಪುಟಾಣಿ ಹಿಟ್ಟು, ಪಕ್ಕದಲ್ಲಿ ಬಿಸಿ ಮಿರ್ಚಿ. ಮನೆಯಲ್ಲಿ ರೊಟ್ಟಿ ಜೊತೆ ಕೆಂಪು ಖಾರ, ಹಸಿ ಈರುಳ್ಳಿ, ಪುಂಡಿ ಪಲ್ಯ. ಹಾಗಾಗಿ ನಾನು ಇದನ್ನು ಸ್ವಲ್ಪ ಜಾಸ್ತಿಯೇ ಕೆದಕಿದೆ.

ಮೆಣಸಿನಕಾಯಿಯಲ್ಲಿ ಕ್ಯಾಪ್ಸೈಸಿನ್ ಇದೆ. ಅದು ನಮ್ಮ ನರಗಳಲ್ಲಿ ಬಿಸಿ ತಾಗಿದ್ದನ್ನು ತಿಳಿಸುವ ಒಂದು ಬಾಗಿಲನ್ನು ತೆರೆಯುತ್ತದೆ. ಅದಕ್ಕೇ ಖಾರ ಉರಿಯುತ್ತದೆ, ನಿಜವಾಗಿ ಸುಡುವುದಿಲ್ಲ. ಈ ಬಾಗಿಲನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಕೊಟ್ಟರು. ಅದೇ ಥರದ ನರಗಳು ಹೊಟ್ಟೆ, ಕರುಳಲ್ಲೂ ಇವೆ. ಹೊಟ್ಟೆ ಸೂಕ್ಷ್ಮ ಇರುವವರಿಗೆ, ಈಗಾಗಲೇ ಹುಣ್ಣು ಇರುವವರಿಗೆ ಖಾರ ತಿಂದರೆ ಉರಿ, ನೋವು ಬರುತ್ತದೆ. ಆದರೆ ಖಾರ ಹುಣ್ಣು ಮಾಡುವುದಿಲ್ಲ. ಮಿರ್ಚಿಯ ವಿಷಯದಲ್ಲಿ ನನ್ನ ಅನುಮಾನ ಮೆಣಸಿನಕಾಯಿಗಿಂತ ಎಣ್ಣೆಯ ಮೇಲೆ. ಜಿಡ್ಡಿನ ಊಟ ಹೊಟ್ಟೆಯಿಂದ ಬೇಗ ಕೆಳಗೆ ಇಳಿಯುವುದಿಲ್ಲ. ಹೊಟ್ಟೆ ಬಿಗಿಯುತ್ತದೆ, ಹುಳಿ ತೇಗು ಬರುತ್ತದೆ.

ನಮ್ಮ ಊಟದ ಹೊತ್ತಿನದೂ ಒಂದು ಪಾಲು ಇದೆ. ಬೆಳಿಗ್ಗೆ ಒಗ್ಗರಣೆ, ಮಧ್ಯಾಹ್ನ ಅವಸರದಲ್ಲಿ ನಾಲ್ಕು ತುತ್ತು, ರಾತ್ರಿ ಹತ್ತೂವರೆಗೆ ಹೊಟ್ಟೆ ತುಂಬ ಉಂಡು ಹನ್ನೊಂದಕ್ಕೆ ಅಡ್ಡ ಬೀಳುವುದು. ಹೆಂಗಸರದ್ದು ಇನ್ನೂ ತಡ, ಎಲ್ಲರೂ ಉಂಡು ಪಾತ್ರೆ ತಿಕ್ಕಿದ ಮೇಲೆ. ಮಲಗಿದರೆ ಹೊಟ್ಟೆಯ ಹುಳಿ ಸುಲಭವಾಗಿ ಮೇಲೆ ಬರುತ್ತದೆ, ಎದೆ ಉರಿಯುತ್ತದೆ. ಉಂಡ ಮೇಲೆ ಎರಡು ಮೂರು ತಾಸು ಮಲಗದೇ ಇದ್ದರೆ, ಒಂದೇ ಸಲ ತುಂಬುವ ಬದಲು ಸ್ವಲ್ಪ ಸ್ವಲ್ಪ ಉಂಡರೆ, ಎಡ ಮಗ್ಗುಲಾಗಿ ಮಲಗಿದರೆ ಎಷ್ಟೋ ಜನರಿಗೆ ಇಷ್ಟರಲ್ಲೇ ಹಗುರವಾಗುತ್ತದೆ. ತಂಬಾಕು, ಗುಟ್ಕಾ, ಬೀಡಿ ಬಿಟ್ಟರೆ ಇನ್ನೂ ಒಳ್ಳೆಯದು.

ಅಜವಾನ, ಜೀರಿಗೆ ನೀರಿನ ಮೇಲೆ ನನಗೆ ಕೋಪ ಇಲ್ಲ. ಹೊಟ್ಟೆ ಉಬ್ಬರಕ್ಕೆ, ಸಣ್ಣ ಹಿಡಿತಕ್ಕೆ ಅವು ಹಿತ ಕೊಡುತ್ತವೆ, ನಮ್ಮ ಮನೆಯಲ್ಲಿ ಇವತ್ತಿಗೂ ಡಬ್ಬಿಯಲ್ಲಿ ಇವೆ. ಹಾಲು ಮಾತ್ರ ಯೋಚಿಸಿ ಕುಡಿಯಬೇಕು. ತಣ್ಣನೆ ಹಾಲು ಕುಡಿದರೆ ಉರಿ ಆ ಕ್ಷಣಕ್ಕೆ ತಣಿಯುತ್ತದೆ, ಆಮೇಲೆ ಆಸಿಡ್ ಜಾಸ್ತಿ ಬರುತ್ತದೆ. ದೊಡ್ಡವರಾದ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸಲು ಆಗದವರು ನಮ್ಮಲ್ಲಿ ಬಹಳ. ಅವರಿಗೆ ಹಾಲು ಕುಡಿದ ತಾಸೆರಡು ತಾಸಿಗೆ ಗುಡುಗುಡು, ಹಿಡಿತ, ಭೇದಿ. ಅಂಥವರಿಗೂ ಮಜ್ಜಿಗೆ, ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಇನ್ನು ನೀರಿಗೆ ಹಾಕಿ ಬುಸ್ ಅನ್ನಿಸಿ ಕುಡಿಯುವ ಪುಡಿಯಲ್ಲಿ ಸೋಡಿಯಂ ಜಾಸ್ತಿ, ಬಿಪಿ ಇರುವವರು ದಿನಾ ಕುಡಿಯಬಾರದು.

ಎಲ್ಲ ಪರೀಕ್ಷೆ ಮಾಡಿದರೂ ಏನೂ ಸಿಗದವರೂ ಇದ್ದಾರೆ. ನಮ್ಮ ನಾದಿನಿಯದು ಹಾಗೇ. ಸ್ಕ್ಯಾನಿಂಗ್ ನಾರ್ಮಲ್, ಎಂಡೋಸ್ಕೋಪಿ ನಾರ್ಮಲ್. ಎಲ್ಲ ನಾರ್ಮಲ್ ಇದೆ, ನಾಟಕ ಅಂದವರೂ ಉಂಟು. ಅದು ನಾಟಕ ಅಲ್ಲ. ಹೊಟ್ಟೆಯ ನರಗಳು ಸೂಕ್ಷ್ಮವಾಗಿ, ಸಾಮಾನ್ಯ ಊಟ ಇಳಿಯುವುದೂ ನೋವಾಗಿ ತಿಳಿಯುವ ತೊಂದರೆ ಇದೆ. ಅದಕ್ಕೂ ಔಷಧಿ ಇದೆ. ನಿದ್ದೆ, ನೆಮ್ಮದಿ ಅದಕ್ಕೆ ನಿಜವಾಗಿಯೂ ಬೇಕು.

ಗ್ಯಾಸ್ ಅಂತ ಕೂರಬಾರದ ನೋವು

ನಮ್ಮ ಓಣಿಯಲ್ಲಿ ಒಬ್ಬ ಹಿರಿಯರು ರಾತ್ರಿ ಉಂಡು ಎದ್ದವರು ಹೊಟ್ಟೆ ಮೇಲ್ಭಾಗ ಹಿಡಿದಿದೆ ಅಂದರು. ಶುಗರ್ ಇತ್ತು. ಮೈ ತಣ್ಣಗೆ ಬೆವರುತ್ತಿತ್ತು. ಮನೆಯವರು ಸೋಡಾ ಕುಡಿಸಿದರು, ಬೆನ್ನು ತಟ್ಟಿದರು, ಬೆಳಿಗ್ಗೆ ನೋಡೋಣ ಅಂದರು. ಬೆಳಗಾಗುವಷ್ಟರಲ್ಲಿ ಅವರು ಇರಲಿಲ್ಲ. ಅದು ಹೊಟ್ಟೆಯದೇ ಆಗಿರಲಿಲ್ಲ, ಹೃದಯದ್ದು.

ಇದನ್ನು ಬರೆಯುವಾಗ ಕೈ ಭಾರವಾಗುತ್ತದೆ, ಆದರೂ ಬರೆಯಲೇಬೇಕು. ಹಾರ್ಟ್ ಅಟ್ಯಾಕ್ ಎದೆಯಲ್ಲೇ ಬರಬೇಕು ಅಂತ ಇಲ್ಲ. ಶುಗರ್ ಇರುವವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಅದು ಹೊಟ್ಟೆ ಮೇಲ್ಭಾಗದ ಹಿಡಿತ, ವಾಕರಿಕೆ, ತಣ್ಣನೆ ಬೆವರು, ಸುಸ್ತು ಆಗಿ ಬರಬಹುದು. ದವಡೆಗೆ, ಎಡಗೈಗೆ ಎಳೆಯಬಹುದು. ಆಗ ಸೋಡಾ ಹುಡುಕಬಾರದು. 108ಕ್ಕೆ ಫೋನ್ ಮಾಡಬೇಕು, ಇಸಿಜಿ ಆಗಬೇಕು. ಗ್ಯಾಸೇ ಆಗಿದ್ದರೆ ಒಂದು ಇಸಿಜಿ ದಂಡ ಆಯಿತು, ಅಷ್ಟೇ ತಾನೇ?

ಹೊಟ್ಟೆಯದೇ ಆದರೂ ಕಾಯಬಾರದ ಗುರುತುಗಳಿವೆ. ಮಲ ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾಗಿ ಹೋದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥದ್ದು ಬಂದರೆ ಒಳಗೆ ರಕ್ತ ಹೋಗುತ್ತಿದೆ ಅಂತ. ನೋವಿನ ಜೊತೆ ಜ್ವರ, ಚಳಿ, ಕಣ್ಣು ಹಳದಿ ಬಂದರೆ ಪಿತ್ತದ ದಾರಿ ಮುಚ್ಚಿ ಸೋಂಕಾಗಿರಬಹುದು. ಹೊಟ್ಟೆಯಿಂದ ಬೆನ್ನಿಗೆ ಚುಚ್ಚಿದ ಹಾಗೆ ನೋವು, ನಿಲ್ಲದ ವಾಂತಿ ಇದ್ದರೆ ಹೊಟ್ಟೆಯ ಹಿಂದೆ ಇರುವ ಮೇದೋಜ್ಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಊತ ಇರಬಹುದು. ಕುಡಿಯುವವರಲ್ಲಿ, ಪಿತ್ತಕೋಶದ ಕಲ್ಲು ಇರುವವರಲ್ಲಿ ಅದು ಜಾಸ್ತಿ. ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾದರೆ ಒಂದು ನಿಮಿಷವೂ ತಡ ಮಾಡಬಾರದು. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ನುಂಗುವಾಗ ಸಿಕ್ಕಿಕೊಂಡ ಹಾಗಾಗುತ್ತಿದ್ದರೆ, 50 ದಾಟಿದ ಮೇಲೆ ಹೊಸದಾಗಿ ನೋವು ಶುರುವಾದರೆ ಮನೆ ಮದ್ದಲ್ಲಿ ದಿನ ಕಳೆಯಬಾರದು.

ಗುರುವಾರ

ಮಂಗಳವಾರ ಚಹಾದ ಹೊತ್ತಿಗೆ ಆ ಓವರ್‌ಲಾಕ್ ಹುಡುಗನ ಪಕ್ಕ ಹೋಗಿ ಕೂತೆ. ಅವನು ನನ್ನನ್ನು ನೋಡಿ, "ಇವತ್ತು ಮಿರ್ಚಿ ತಿಂದಿಲ್ಲ ಅಕ್ಕ" ಅಂದ. ಅವನ ದನಿಯಲ್ಲಿ ಅವ್ವನ ದನಿ ಕೇಳಿದ ಹಾಗಾಯಿತು.

"ಅದಿರ್ಲಿ ಬಿಡು. ನಿನ್ನೆ ಊಟ ಎಷ್ಟೊತ್ತಿಗೆ ಮಾಡಿದ್ದಿ?"

"ಒಂದೂವರಿಗೆ."

ನೋವು ಬಂದದ್ದು ನಾಲ್ಕಕ್ಕೆ. ಉಂಡ ಕೂಡಲೇ ಅಲ್ಲ, ಎರಡೂವರೆ ತಾಸಿಗೆ. ರಾತ್ರಿ ಬರುತ್ತಾ ಅಂತ ಕೇಳಿದೆ. ಅವನಿಗೆ ಆಶ್ಚರ್ಯ ಆಯಿತು. "ದಿನಾ ಎರಡು ಗಂಟಿಗೆ ಎಚ್ಚರ ಆಗ್ತೈತಿ ಅಕ್ಕ. ಎದ್ದು ಎರಡು ಬಿಸ್ಕೆಟ್ ತಿಂದ್ರ ಸುಮ್ನಾಗ್ತೈತಿ. ನಾ ಹಸಿವು ಅಂದ್ಕೊಂಡಿದ್ದೆ." ಜೇಬಲ್ಲಿ ಏನಿದೆ ತೋರಿಸು ಅಂದೆ. ಹೆಗಲು ನೋವಿಗೆ ಅಂತ ಇಟ್ಟುಕೊಂಡ ಮಾತ್ರೆಯ ಪಟ್ಟಿ, ಹತ್ತರಲ್ಲಿ ಮೂರು ಉಳಿದಿದ್ದವು.

ನಾನು ಡಾಕ್ಟರಲ್ಲ. ಅವನಿಗೆ ಏನಾಗಿದೆ ಅಂತ ಹೇಳುವ ಅಧಿಕಾರ ನನಗಿಲ್ಲ. ಆದರೆ ಸಣ್ಣ ಕರುಳಿನ ಶುರುವಿನಲ್ಲಿ ಹುಣ್ಣಾದರೆ ಹೀಗೇ ಆಗುತ್ತದೆ ಅಂತ ಕೇಳಿದ್ದೆ. ಹೊಟ್ಟೆ ಖಾಲಿಯಾದಾಗ ನೋವು, ತಿಂದರೆ ಹಗುರ, ನಡುರಾತ್ರಿ ಎಚ್ಚರ. ನನ್ನ ನೋವಿಗೆ ಪೂರಾ ಉಲ್ಟಾ, ಅವ್ವನದಕ್ಕೆ ಸಂಬಂಧವೇ ಇಲ್ಲ. ಹಳೇ ಬಿಲ್ಲಿನ ಹಿಂದೆ ಅವನು ಹೇಳಿದ್ದನ್ನೆಲ್ಲ ಬರೆದೆ. ಎಷ್ಟೊತ್ತಿಗೆ, ಎಲ್ಲಿ, ಎಷ್ಟು ಹೊತ್ತು, ಯಾವ ಮಾತ್ರೆ, ಎಷ್ಟು ದಿನದಿಂದ. ಮಾಲೀಕರ ಹತ್ತಿರ ಮಾತಾಡಿ ಎರಡು ದಿನ ರಜೆ ಕೊಡಿಸಿದೆ. ಬುಧವಾರ ಆ ಚೀಟಿ ಹಿಡಿದುಕೊಂಡು ಡಾಕ್ಟರಿಗೆ ತೋರಿಸಿ ಬಂದ. ಮಾತ್ರೆಯ ಪಟ್ಟಿ ಮೊದಲು ಬಿಡು, ಗುರುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎಂಡೋಸ್ಕೋಪಿಗೆ ಬಾ ಅಂದರಂತೆ.

ಬುಧವಾರ ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಅವ್ವ ಈಗ ನಮ್ಮ ಜೊತೆಗೇ ಇದ್ದಾಳೆ. ರೊಟ್ಟಿ ಮುರಿದು ಶೇಂಗಾ ಹಿಂಡಿಯಲ್ಲಿ ಅದ್ದುತ್ತಾ ಕೇಳಿಸಿಕೊಂಡಳು. ಹುಡುಗನ ಊರು ಎಲ್ಲಿ ಅಂತ ಕೇಳಿದಳು. ಸಿಂಧನೂರು ಕಡೆ, ಇಲ್ಲಿ ರೂಮಲ್ಲಿ ಇರ್ತಾನೆ ಅಂದೆ.

"ರೂಮಿನ್ಯಾಗ ಯಾರು ಮಾಡಿ ಹಾಕ್ತಾರ ಅವಂಗ? ಪರೀಕ್ಷಾ ಮುಗಿದ ಕೂಡ್ಲೆ ಇಲ್ಲಿಗೆ ಕರ್ಕೊಂಡ್ ಬಾ. ಮೆತ್ತಗ ಅನ್ನ, ಬ್ಯಾಳಿಕಟ್ಟು ಮಾಡಿಟ್ಟಿರ್ತೀನಿ" ಅಂದಳು.